ಅಮ್ಮನ ಮೂಳೆಯ ಬಣ್ಣ

ಅಸಿಮೀನಾಳ ತಾಯಿ ಸತ್ತು ಐದು ವರ್ಷವಾದರೂ ಎವಂಥಿಯಾಳ ನಾಲಿಗೆಗೆ ಬಿಡುವಿರಲಿಲ್ಲ. ನಾದಿನಿಯಾದ ನನ್ನ ಪಾಲಿನ ಆಲಿವ್ ಮರಗಳನ್ನು ನುಂಗಿ ನೀರು ಕುಡಿದವಳು ಅವಳು, ಸಮಾಧಿ ತೆರೆದಾಗ ನೋಡಿ, ಮೂಳೆ ಇದ್ದಿಲಿನ ಹಾಗಿರುತ್ತವೆ ಎಂದು ಬೇಕರಿಯ ಮುಂದೆ ನಿಂತು ಹೇಳುತ್ತಿದ್ದಳು. ಹೂತ ಐದು ವರ್ಷಕ್ಕೆ ಸಮಾಧಿ ತೆರೆದು, ಮೂಳೆ ತೊಳೆದು, ಪೆಟ್ಟಿಗೆಯಲ್ಲಿ ಅಸ್ಥಿಮನೆಗೆ ಸೇರಿಸುವುದು ಅಲ್ಲಿನ ವಾಡಿಕೆ. ಪಾಪ ಕಳೆದವರ ಮೂಳೆ ಬೆಳ್ಳಗೆ, ಕಳೆಯದವರದು ಕಪ್ಪಗೆ. ಕಲಾಮಾತಾ ಕಡೆಯ ಹಳ್ಳಿಗಳಲ್ಲಿ ಈ ತೀರ್ಪಿಗೆ ಮೇಲ್ಮನವಿ ಇಲ್ಲ.

ಸಮಾಧಿ ತೆರೆಯುವ ದಿನ ಬಂದದ್ದು ಆಲಿವ್ ಕೊಯ್ಲಿನ ನಡುವೆ. ಅಲ್ಲಿದ್ದವರು ಅಸಿಮೀನಾ, ಪಾದ್ರಿ, ಗುಂಡಿ ತೋಡುವವ, ಮೂವರೇ. ತಮ್ಮ ಸ್ತಾಥಿಸ್‌ಗೆ ಹಡಗಿನ ಕೆಲಸದಿಂದ ರಜೆ ಸಿಕ್ಕಿರಲಿಲ್ಲ. ಪೆಟ್ಟಿಗೆಗೆ ಹಾಕುವ ಮುನ್ನ ಅವಳು ಮೂಳೆಗಳನ್ನು ದ್ರಾಕ್ಷಾರಸದಲ್ಲಿ ತೊಳೆದು ಬಟ್ಟೆಯ ಮೇಲೆ ಹರಡಿದಳು. ಬಿಳಿ ಜೇನುಮೇಣದ ಬಣ್ಣ, ಒಂದರಲ್ಲೂ ಕಪ್ಪಿಲ್ಲ. ಅವಳಿಗೆ ಅಳು ಬಂತು, ಅದರ ಬೆನ್ನಿಗೇ ಎವಂಥಿಯಾ ನೆನಪಾದಳು. ತಲೆಬುರುಡೆ ಚೆನ್ನಾಗಿ ಕಾಣುವಂತೆ ಫೋಟೋ ತೆಗೆದು, ಕಣ್ಣಿದ್ದವರು ನೋಡಿ ಎಂದು ಬರೆದು, ಜಾಲತಾಣದಲ್ಲಿದ್ದ ಊರಿನ ಗುಂಪಿಗೆ ಹಾಕಿಬಿಟ್ಟಳು.

ಒಂದೇ ಗಂಟೆಯಲ್ಲಿ ಫೋಟೋ ಮಾಯವಾಯಿತು. ಮನುಷ್ಯನ ಅವಶೇಷ ತೋರಿಸುವುದು ಕಾನೂನಿಗೆ ವಿರುದ್ಧವೆಂದು ದೂರು ಬಂದಿದೆ, ತೆಗೆದಿದ್ದೇವೆ, ಒಪ್ಪದಿದ್ದರೆ ಆರು ತಿಂಗಳೊಳಗೆ ಮೇಲ್ಮನವಿ ಕೊಡಿ ಎಂದು ಜಾಲತಾಣದವರಿಂದ ಸಂದೇಶ ಬಂತು. ದೂರಿದವರ ಹೆಸರು ಮಾತ್ರ ಹೇಳುವುದಿಲ್ಲವಂತೆ. ಹೇಳುವುದೇನು ಬಂತು, ಎವಂಥಿಯಾ ಅಲ್ಲದೆ ಇನ್ಯಾರು ಎಂದುಕೊಂಡಳು ಅಸಿಮೀನಾ.

ಬೆಳ್ಳಗಿದ್ದಿದ್ದರೆ ಯಾಕೆ ತೆಗೆಯುತ್ತಿದ್ದರು ಎಂದಿತು ಊರು. ಫೋಟೋ ನೋಡಿದ್ದವರು ನಾಲ್ಕು ಜನ. ಮೂಳೆಯ ಕಪ್ಪನ್ನು ಬಣ್ಣಿಸಿದವರು ಉಳಿದವರೆಲ್ಲ. ಪೆಟ್ಟಿಗೆ ತೆರೆದು ತೋರಿಸಿ ಎಂದು ಅಸಿಮೀನಾ ಪಾದ್ರಿಯನ್ನು ಬೇಡಿಕೊಂಡಳು. ಅಸ್ಥಿಮನೆ ಸಂತೆಯಲ್ಲಮ್ಮ ಎಂದುಬಿಟ್ಟರು.

ಕೊನೆಗೆ ಮೇಲ್ಮನವಿ ಬರೆದಳು. ಮೂಳೆ ತೊಳೆಯುವುದು ನಮ್ಮಲ್ಲಿ ಮಗಳ ಕೆಲಸ, ನಿಮ್ಮ ಕಚೇರಿಯಲ್ಲಿ ತಾಯಿಯ ಮೂಳೆ ತೊಳೆದವರಿದ್ದರೆ ಅವರ ಕೈಗೆ ಇದನ್ನು ಕೊಡಿ ಎಂದು ಬರೆದಳು. ಮೂರು ವಾರ ಕಾದ ಮೇಲೆ ಉತ್ತರ ಬಂತು: ಬೇರೊಬ್ಬರು ಪರಿಶೀಲಿಸಿದ್ದಾರೆ, ಇದು ಶವಸಂಸ್ಕಾರದ ಆಚಾರ, ಕಾನೂನಿಗೆ ವಿರುದ್ಧವಲ್ಲ, ಫೋಟೋ ಮರಳಿ ಹಾಕಿದ್ದೇವೆ.

ಅಂದು ಬ್ರೆಡ್ಡು ಬೇಡದಿದ್ದರೂ ಅಸಿಮೀನಾ ಬೇಕರಿಗೆ ಹೋದಳು. ಎವಂಥಿಯಾ ತಲೆ ತಗ್ಗಿಸಿಕೊಂಡು ಹೊರಟುಹೋದದ್ದನ್ನು ಕಣ್ತುಂಬ ನೋಡಿದಳು. ಸಂಜೆ ತಮ್ಮನಿಗೆ ಫೋನ್ ಮಾಡಿ, ದೂರು ಕೊಟ್ಟವಳ ಸೊಕ್ಕು ಇಳಿಯಿತು ಎಂದು ಹೇಳಿಕೊಂಡಳು.



"ದೂರು ಕೊಟ್ಟಿದ್ದು ನಾನು, ಅಕ್ಕಾ."

"ನೀನಾ? ಹೆತ್ತ ತಾಯಿ ಕಣೋ ಅವಳು."

"ಅದಕ್ಕೇ ಕೊಟ್ಟೆ. ಅಪ್ಪ ಹೋದ್ಮೇಲೆ ಅಮ್ಮ ತಲೆವಸ್ತ್ರ ಇಲ್ದೆ ಬಾಗಿಲಿಗೂ ಬಂದೋಳಲ್ಲ. ಅವಳ ಕೂದಲು ನರೆತಿತ್ತೋ ಇಲ್ವೋ, ನಂಗೇ ಗೊತ್ತಿಲ್ಲ. ನೀನು ಅವಳ ಬರೀ ತಲೇನ ಊರಿಗೆಲ್ಲ ತೋರಿಸ್ಬಿಟ್ಟೆ."

"ನಂಗೊಂದು ಮಾತು ಹೇಳ್ಬಾರ್ದಿತ್ತಾ?"

"ತೊಳೆದೋಳು ನೀನು. ನಾನು ಬರ್ಲೇ ಇಲ್ಲ. ಯಾವ ಬಾಯಲ್ಲಿ ಹೇಳ್ಲಿ?"

ಫೋನ್ ಇಟ್ಟ ಮೇಲೆ ಅವಳು ಫೋಟೋ ತೆರೆದಳು. ಅದರ ಕೆಳಗೆ ನಲವತ್ತು ಜನ, ದೇವರು ಕ್ಷಮಿಸಿದ್ದಾನೆ, ಪುಣ್ಯವಂತೆ ಎಂದೆಲ್ಲ ಬರೆದಿದ್ದರು. ಐದು ವರ್ಷ ಅವಳು ಕೇಳಬೇಕೆಂದು ಕಾದಿದ್ದ ಮಾತುಗಳೇ. ಒಂದೊಂದನ್ನೂ ಓದಿದಳು. ಆಮೇಲೆ ಫೋಟೋ ನೋಡಿದಳು, ನಾಚಿಕೆಯಿಂದ ಅವಳ ಮುಖ ಬಿಸಿಯಾಯಿತು.

ಅಳಿಸಿದರೆ ಮತ್ತೆ ಬರುವುದಿಲ್ಲ, ಅಳಿಸಲೇ ಎಂದು ಫೋನ್ ಕೇಳಿತು. ಬೆಳಗಾದರೆ ಊರು ಏನನ್ನುತ್ತದೆಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಅಳಿಸಿದಳು.