ಅಕ್ಕನ ಜಾಡಿಯ ಬೂಷ್ಟು

ಭಾವ ಯಕೃತ್ತಿನ ಕಾಯಿಲೆಯಿಂದ ತೀರಿಕೊಳ್ಳುವ ಮುಂಚೆ, ಬೂಷ್ಟು ಹಿಡಿದದ್ದು ಏನಾದರೂ ತಿನ್ನುವ ಅಭ್ಯಾಸವಿತ್ತೇ ಎಂದು ವೈದ್ಯರು ಕೇಳಿದ್ದರು. ಕೇಳಿದವರು ಮರೆತರು, ಅಕ್ಕನ ಎದೆಯಲ್ಲಿ ಆ ಮಾತು ಮುಳ್ಳಾಗಿ ಉಳಿಯಿತು. ಮದುವೆಯಾದಂದಿನಿಂದ ಅವಳು ಬೇಯಿಸಿದ ಕಾಳಿಗೆ ತಾನೇ ಬೂಷ್ಟು ಹಿಡಿಸಿ, ಉಪ್ಪುನೀರಿನಲ್ಲಿ ಹುಳಿಸಿ ಬಡಿಸುತ್ತಿದ್ದಳು. ಹಳೆಯ ಜಾಡಿಯ ಬೂಷ್ಟೇ ಹೊಸ ಜಾಡಿಗೆ ಹೆಪ್ಪು. ಅದಿಲ್ಲದೆ ಭಾವನಿಗೆ ತುತ್ತು ಇಳಿಯುತ್ತಿರಲಿಲ್ಲ. ಗಂಡನಿಗೆ ಕೈಯಾರೆ ವಿಷ ಉಣಿಸಿದೆನೇ? ಅವಳಿಗೆ ಅದೊಂದು ತಿಳಿದರೆ ಸಾಕಾಗಿತ್ತು.

ಅವಳ ತಮ್ಮ ಆಹಾರ ಪರೀಕ್ಷೆಯ ಪ್ರಯೋಗಾಲಯದಲ್ಲಿ ಕೆಲಸಕ್ಕಿದ್ದ. ಅಕ್ಕ ಕೊಟ್ಟ ಹಳದಿಹಸಿರು ಬೂಷ್ಟನ್ನು ಅವನು ಗಾಜಿನ ತಟ್ಟೆಯಲ್ಲಿ ಬೆಳೆಸಿ, ಅದರ ಡಿಎನ್‌ಎ ತೆಗೆದು, ಜಾತಿ ಗುರುತಿಸಲು ಎಲ್ಲರೂ ಓದುವ ಜೀನನ್ನು ಓದಿದ. ಎರಡರಲ್ಲಿ ಯಾವುದೂ ಆಗಿರಬಹುದು ಎಂದು ಉತ್ತರ ಬಂತು. ಒಂದು, ಅಡುಗೆಗೆ ಪಳಗಿದ ಸಾಧು ಬೂಷ್ಟು. ಇನ್ನೊಂದು, ಯಕೃತ್ತನ್ನು ಕೊರೆಯುವ ವಿಷದ ಬೂಷ್ಟು. ಒಂದೇ ಬಸಿರಿನ ಅಣ್ಣತಮ್ಮಂದಿರಂತೆ ಆ ಜೀನಿನಲ್ಲಿ ಈ ಎರಡಕ್ಕೂ ಮುಖ ಒಂದೇ. ವಿಷ ತಯಾರಿಸುವ ಜೀನ್ ಇದೆಯೋ ಇಲ್ಲವೋ ಎಂದು ಹುಡುಕಿದರೆ ಮಾತ್ರ ಬೇರೆ ಮಾಡಬಹುದಿತ್ತು.

ಆ ಹುಡುಕಾಟದ ಉತ್ತರ ಬರುವ ದಿನ ಅಕ್ಕ ಪ್ರಯೋಗಾಲಯಕ್ಕೇ ಬಂದು ಹೊರಕೋಣೆಯ ಬೆಂಚಿನ ಮೇಲೆ ಕೂತಳು. ಒಳಗೆ ಇಣುಕಿ, ಇಷ್ಟು ತೊಳೆದ ಜಾಗದಲ್ಲಿ ಬೂಷ್ಟು ಸಾಕುತ್ತೀಯಲ್ಲೋ, ನಮ್ಮನೆ ಬ್ರೆಡ್ಡಿಗೆ ಬಂದರೆ ನಿನ್ನ ಭಾವ ರಂಪ ಮಾಡುತ್ತಿದ್ದರು ಎಂದಳು.

ಅವನು ಮನಸ್ಸಿನಲ್ಲೇ ದೇವರನ್ನು ನೆನೆದು, ಡಿಎನ್‌ಎಯನ್ನು ಸಾಲುಸಾಲಾಗಿ ಹಾಯಿಸಿದ ಜೆಲ್ಲಿಯ ಹಲಗೆ ಇಟ್ಟಿದ್ದ ದೀಪದ ಪೆಟ್ಟಿಗೆ ತೆರೆದ. ವಿಷದ ಜೀನ್ ಇದ್ದರೆ ಆ ಬೂಷ್ಟಿನ ಸಾಲಿನಲ್ಲಿ ಬೆಳಕಿನ ಗೆರೆ ಮೂಡಬೇಕು. ಅಕ್ಕನ ಸಾಲು ಕಪ್ಪಗಿತ್ತು. ಅವನು ಹೊರಗೆ ಓಡಿದ.

"ಅಕ್ಕಾ, ಇಲ್ಲ ಕಣೇ. ವಿಷ ಇಲ್ಲ."

ಅವಳು ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ಅವನು ಮನಸ್ಸು ಹಗುರವಾಗಿ ಒಳಗೆ ಬಂದು ಮತ್ತೊಮ್ಮೆ ನೋಡಿದ. ಪಕ್ಕದ ಸಾಲಿನಲ್ಲಿ, ಪರೀಕ್ಷೆ ಸರಿಯಾಗಿ ನಡೆದಿದೆ ಎಂಬ ಗುರುತಿಗೆಂದು ಹಾಕಿದ್ದು ಪ್ರಯೋಗಾಲಯದ ವಿಷದ ಬೂಷ್ಟು. ಅದು ಬೆಳಗಲೇಬೇಕು. ಅದೂ ಕಪ್ಪಗಿತ್ತು.

ವಿಷವಿದ್ದಲ್ಲೇ ತೋರಿಸದ ಪರೀಕ್ಷೆ ಇಲ್ಲವೆಂದದ್ದಕ್ಕೆ ಏನು ಬೆಲೆ? ಬೇರೆಯವರ ಕಾಳಾಗಿದ್ದರೆ ಮೊದಲು ಗುರುತಿನ ಸಾಲನ್ನೇ ನೋಡುತ್ತಿದ್ದ. ಸುಮ್ಮನಿದ್ದುಬಿಡೋಣವೇ ಎನ್ನಿಸಿತು. ಅವಳು ಒಂದು ರಾತ್ರಿಯಾದರೂ ನಿದ್ದೆ ಮಾಡಿಯಾಳು. ಆದರೆ ಅದೇ ಜಾಡಿಯಿಂದ ನಾಳೆ ತನ್ನ ಮಕ್ಕಳಿಗೂ ಬಡಿಸಿಯಾಳು.

ಬಾಗಿಲಿಗೆ ಹೋಗಿ, ಅವಸರದಲ್ಲಿ ಬಾಯಿಬಿಟ್ಟೆ, ಪರೀಕ್ಷೆಯೇ ಕೆಟ್ಟಿತ್ತು ಎಂದು ನೆಲ ನೋಡುತ್ತಾ ಒಪ್ಪಿಕೊಂಡ.

"ಹಾಗಾದ್ರೆ ಇದೆ ಅಂತಲಾ?"

"ಇದೆ ಅಂತಲೂ ಅಲ್ಲ. ಇನ್ನೂ ಗೊತ್ತಿಲ್ಲ ಅಕ್ಕ."

ಅವಳು ಬೈಯಲಿಲ್ಲ, ಬೈದಿದ್ದರೆ ಅವನಿಗೆ ಸಲೀಸಾಗುತ್ತಿತ್ತು. "ಈ ಸಲ ನಾನೂ ನಿಂತು ನೋಡ್ತೀನಿ" ಎಂದಷ್ಟೇ ಹೇಳಿದಳು.

ರಾಸಾಯನಿಕಗಳ ಹೊಸ ಸೀಸೆ ತೆರೆದು ಎಲ್ಲವನ್ನೂ ಮೊದಲಿನಿಂದ ಬೆರೆಸಿದ. ಜೀನಿನ ನಕಲು ತೆಗೆಯುವ ಯಂತ್ರ ಬಿಸಿಯಾಗುತ್ತಾ ಆರುತ್ತಾ ಗುಂಯ್‌ಗುಡುತ್ತಿತ್ತು. ಅಕ್ಕ ಮೇಜಿನ ಅಂಚು ಹಿಡಿದು ನಿಂತೇ ಇದ್ದಳು, ಕೂರು ಎಂದರೂ ಕೂರಲಿಲ್ಲ. ಸಂಜೆಯ ಹೊತ್ತಿಗೆ ಪೆಟ್ಟಿಗೆ ತೆರೆದು ಅವನು ಮೊದಲು ಗುರುತಿನ ಸಾಲಿಗೆ ಬೆರಳಿಟ್ಟ. ಅದು ಝಗ್ಗನೆ ಬೆಳಗುತ್ತಿತ್ತು. ಬೆರಳು ಪಕ್ಕಕ್ಕೆ, ಅಕ್ಕನ ಸಾಲಿಗೆ ಸರಿಯಿತು.

ಅಲ್ಲಿ ಏನೂ ಇರಲಿಲ್ಲ.

"ಈ ಬೂಷ್ಟಿಗೆ ವಿಷ ಮಾಡೋಕೇ ಬರಲ್ಲ ಅಕ್ಕ. ಈಗ ನಂಬು."

ಅವಳು ಆ ಕಪ್ಪು ಸಾಲನ್ನು ಬಹಳ ಹೊತ್ತು ನೋಡಿದಳು. ಅವಳಿಗೆ ಸಮಾಧಾನವಾಗುತ್ತದೆಂದು ಅವನು ಕಾದಿದ್ದ. ಅವಳು ತಿರುಗಿ, ಚಿಕ್ಕ ಮಗುವಿನ ದನಿಯಲ್ಲಿ ಕೇಳಿದಳು:

"ಮತ್ತೆ ಅವರು ಯಾಕೆ ಹೋದ್ರು?"

ಅವನು ಕೈಗವಸು ಬಿಚ್ಚಿ, ಅವಳ ಬೆನ್ನ ಮೇಲೆ ಕೈಯಿಟ್ಟು ಪಕ್ಕದಲ್ಲಿ ನಿಂತ.