ಮೂರು ಗಂಟೆಯ ಆಟ

"ಇನ್ನೊಂದು ಸುತ್ತು ಎಳೀರಿ ರಾಯರೇ, ಹಗ್ಗ ಜಾರ್ತಾ ಉಂಟು," ಎಂದ ದೇವದಾಸ್.

ವಿಷ್ಣುಮೂರ್ತಿ ರಾಯರು ಬಿದಿರಿನ ಮೇಲೆ ಮೊಣಕಾಲೂರಿ ಹಗ್ಗವನ್ನು ಜಗ್ಗಿದರು. ಡೊಂಬಿವಲಿ ಪೂರ್ವದ ಆ ಸೊಸೈಟಿಯ ಅಂಗಳದಲ್ಲಿ ಸ್ಕೂಟರುಗಳನ್ನು ಆಚೆ ಸರಿಸಿ ಮಾಡಿಕೊಂಡ ಜಾಗದಲ್ಲಿ ಚಟ್ಟ ಸಿದ್ಧವಾಗುತ್ತಿತ್ತು. ಮೂರನೆಯ ಮಾಳಿಗೆಯಲ್ಲಿ ಚೆನ್ನಯ ಮಲಗಿದ್ದ. ಬೆಳಿಗ್ಗೆ ಹೋಟೆಲಿಗೆ ಹೊರಡಲೆಂದು ಷರಟಿನ ಗುಂಡಿ ಹಾಕಿಕೊಳ್ಳುತ್ತಿದ್ದವನು ಮಂಚದ ಮೇಲೆ ಕೂತ, ಹಾಗೆಯೇ ಒರಗಿದ. ಡಾಕ್ಟರು ಮೆಟ್ಟಿಲು ಹತ್ತಿ ಬರುವ ಹೊತ್ತಿಗೆ ಎಲ್ಲ ಮುಗಿದಿತ್ತು.

ರಾಯರು ರೈಲ್ವೆಯ ಲೆಕ್ಕಪತ್ರ ಕಚೇರಿಯಿಂದ ನಿವೃತ್ತರಾದವರು, ಸೊಸೈಟಿಯ ಸೆಕ್ರೆಟರಿ. ಕಟ್ಟಡದಲ್ಲಿ ಪಂಚಾಂಗ ಇದ್ದದ್ದೂ ಅವರೊಬ್ಬರ ಮನೆಯಲ್ಲೇ. ಹಾಗಾಗಿ ಹೆಣ ಎತ್ತುವ ಗಳಿಗೆ ನಿಶ್ಚಯಿಸಿದವರೂ ಅವರೇ. ಏಪ್ರಿಲಿನ ಸೆಕೆ, ಸಾಲದ್ದಕ್ಕೆ ಮಂಗಳವಾರ, ಮೂರರ ಮೇಲೆ ರಾಹುಕಾಲ. ಹನ್ನೆರಡಕ್ಕೆ ಎತ್ತುವುದೆಂದು ಎಲ್ಲರಿಗೂ ಹೇಳಿ, ಶವವಾಹಿನಿಗೆ ಫೋನ್ ಮಾಡಿದ್ದೂ ಆಗಿತ್ತು. ಗೆಳೆಯನಿಗೆ ಯಾವುದರಲ್ಲೂ ಕೊರತೆಯಾಗಬಾರದು ಎಂಬುದೊಂದೇ ಅವರ ಹಟ. ಲೆಕ್ಕಪತ್ರದವರಿಗೆ ದುಃಖವಾದರೆ ಅಳುವುದಿಲ್ಲ, ವ್ಯವಸ್ಥೆ ಮಾಡುತ್ತಾರೆ.

ಅಷ್ಟರಲ್ಲಿ ಗೇಟು ತಳ್ಳಿಕೊಂಡು ಲೀಲಾಧರ ಓಡಿ ಬಂದ. ಸ್ಟೇಷನ್ ಎದುರಿನ ಹೋಟೆಲಿನಲ್ಲಿ ದೋಸೆ ಹುಯ್ಯುವವನು. ಸೊಂಟದ ಏಪ್ರನ್ ಬಿಚ್ಚಿರಲಿಲ್ಲ, ಕೈಯಲ್ಲಿ ಪ್ಲಾಸ್ಟಿಕ್ ಚೀಲದೊಳಗೆ ಒಂದು ಹೂವಿನ ಹಾರ.

"ಹನ್ನೆರಡಕ್ಕಂತೆ, ಹೌದಾ ರಾಯರೇ?"

"ಹೌದು."

ಲೀಲಾಧರ ಮೂರನೆಯ ಮಾಳಿಗೆಯ ಕಡೆ ನೋಡಿದ. ಆಮೇಲೆ, "ಹಾಗಾದ್ರೆ ನಾನು ಈಗ್ಲೇ ಮುಖ ನೋಡಿ ಹೋಗ್ತೇನೆ. ಕಾವಲಿ ಹತ್ರ ಮಹಾದೇವಪ್ಪನನ್ನು ನಿಲ್ಲಿಸಿ ಬಂದಿದ್ದೇನೆ. ಅವ ಹಿಟ್ಟು ರುಬ್ಬುವವ, ಅವನಿಗೆ ದೋಸೆ ಎಬ್ಬಿಸ್ಲಿಕ್ಕೆ ಬರುವುದಿಲ್ಲ," ಎಂದ.

"ಮತ್ತೆ ಉಳಿದವರು?"

"ಉಳಿದವರು ಎಲ್ಲಿಂದ ಬರೋದು ರಾಯರೇ? ಹನ್ನೆರಡು ಅಂದ್ರೆ ಥಾಲಿ ಸುರು. ನಾಲ್ಕೂ ಹೋಟೆಲಿನವರು ಮೂರು ಗಂಟೆಗೆ ಬರುವಾಂತ ಮಾತಾಡಿಕೊಂಡಿದ್ರು. ಪರವಾಗಿಲ್ಲ ಬಿಡಿ. ಬಾಗಿಲಿಗಾದ್ರೂ ಕೈ ಮುಗಿದು ಹೋಗ್ತಾರೆ."

"ಇವತ್ತೊಂದು ದಿನ ಬಂದ್ ಮಾಡಬಾರದಿತ್ತಾ?"

"ಚೆನ್ನಯಣ್ಣ ಇದ್ದಿದ್ರೆ ಬಿಡ್ತಿದ್ರಾ ನೀವೇ ಹೇಳಿ. ಊಟಕ್ಕೆ ನಮ್ಮನ್ನೇ ನಂಬಿದವರು ಎಷ್ಟು ಜನ ಇಲ್ಲ!"

ಅವನು ಮೆಟ್ಟಿಲು ಹತ್ತಿ ಹೋದ. ರಾಯರ ಕೈ ಗಂಟಿನ ಮೇಲೆಯೇ ನಿಂತುಬಿಟ್ಟಿತು. ಹೋಟೆಲಿನವನ ಹೆಣವನ್ನು ಹೋಟೆಲಿನವರು ಯಾರೂ ಬರಲಾರದ ಹೊತ್ತಿಗೆ ಎತ್ತಲು ಹೊರಟಿದ್ದೇನಲ್ಲ! ಬಿಡುವೆಂದರೆ ಏನು ಎಂದು ಚೆನ್ನಯ ಅವರ ಜತೆ ಇಷ್ಟು ವರ್ಷ ವಾದ ಮಾಡಿದ್ದ. ಅದರಲ್ಲಿ ಒಂದಕ್ಷರವೂ ತಮ್ಮ ತಲೆಗೆ ಹೋಗಿರಲಿಲ್ಲವೆಂದು ಅವರಿಗೆ ನಾಚಿಕೆಯಾಯಿತು.

*

ವಾದ ಶುರುವಾದದ್ದು ಎರಡು ಸಾವಿರದ ಇಸವಿಯ ಆಸುಪಾಸಿನಲ್ಲಿ. ರಾಯರು ಶನಿವಾರ ಹೋಟೆಲಿನ ದುಡ್ಡಿನ ಗಲ್ಲೆಯ ಪಕ್ಕದ ಟೇಬಲ್ ಹಿಡಿದು, ಒಂದು ಕಾಫಿಯನ್ನು ಮುಂದಿಟ್ಟುಕೊಂಡು, ಗೋಡೆಯ ಟೀವಿಯಲ್ಲಿ ಟೆಸ್ಟ್ ನೋಡುತ್ತಿದ್ದರು. ಸಪ್ಲಾಯರ್ ಆಗಿದ್ದ ಚೆನ್ನಯ ಕೈತುಂಬ ತಟ್ಟೆ ಹೊತ್ತು ಅತ್ತಿತ್ತ ಓಡಾಡುತ್ತ, ಕೊರಳು ತಿರುಗಿಸಿ ಟೀವಿಯನ್ನು ಅಷ್ಟಷ್ಟೇ ಕದ್ದು ನೋಡುತ್ತಿದ್ದ. ಅವನು ಒಳಗೆ ಹೋಗಿ ವಡೆ ತರುವಷ್ಟರಲ್ಲಿ ವಿಕೆಟ್ ಬಿದ್ದಿರುತ್ತಿತ್ತು.

"ಯಾರು ರಾಯರೇ? ಯಾರು ಹೋದ್ದು?"

"ನೀನು ನೋಡಬೇಕಿತ್ತು ಮಾರಾಯ. ಮೂರು ಓವರಿನಿಂದ ಹೊಂಚು ಹಾಕಿ ಹಾಕಿ ತೆಗೆದ. ಅದು ಟೆಸ್ಟು! ಮನುಷ್ಯನ ತಾಳ್ಮೆ ಏನು, ಗುಣ ಏನು, ಎಲ್ಲ ಹೊರಗೆ ಬರ್ತದೆ."

"ಗುಣ ಗೊತ್ತಾಗ್ಲಿಕ್ಕೆ ಐದು ದಿನ ಬೇಕಾ? ಗಿರಾಕಿ ಕೂತು ನೀರು ಕೇಳುವಾಗ್ಲೇ ನನಗೆ ಗೊತ್ತಾಗ್ತದೆ," ಎಂದು ಚೆನ್ನಯ ತಟ್ಟೆ ಎತ್ತಿಕೊಂಡು ಹೋಗುತ್ತಿದ್ದ. ಹೋದವನು ತಿರುಗಿ ಬಂದು, "ಟೆಸ್ಟ್ ಒಳ್ಳೇದೇ. ನಾನು ಬೇಡ ಹೇಳುವುದಿಲ್ಲ. ಆದ್ರೆ ಅದನ್ನು ನೋಡ್ಲಿಕ್ಕೆ ರಜೆ ಇರುವವ ಬೇಕು," ಎಂದು ಸೇರಿಸುತ್ತಿದ್ದ.

ಆಗಲೇ ಅವನು ತನ್ನದೇ ಒಂದು ಆಟ ಕಟ್ಟಿಯಾಗಿತ್ತು. ಇಪ್ಪತ್ತು ಓವರಿನ ಕ್ರಿಕೆಟ್ ಎಂಬುದು ಟೀವಿಗೆ ಬರುವ ಎಷ್ಟೋ ಮೊದಲಿನ ಮಾತು. ಊಟದ ಗಲಾಟೆ ಮುಗಿದು ಸಂಜೆಯ ಚಹಾ ಶುರುವಾಗುವ ತನಕ ಹೋಟೆಲಿನವರಿಗೆ ಸಿಗುವ ಬಿಡುವಿನಲ್ಲಿ, ಮಂಗಳವಾರ ಮಂಗಳವಾರ, ಸ್ಮಶಾನದ ದಾರಿಯಲ್ಲಿದ್ದ ಮೈದಾನದಲ್ಲಿ ನಾಲ್ಕು ಹೋಟೆಲಿನವರು ಸೇರುತ್ತಿದ್ದರು. ಆ ಬಿಸಿಲಿಗೆ ಮೈದಾನ ಖಾಲಿ. ಹಾಲಿನ ಕ್ರೇಟೇ ಸ್ಟಂಪು, ಟೆನಿಸ್ ಚೆಂಡು, ಒಂದು ಬದಿಗೆ ಐದೇ ಓವರು. ಒಂದು ಓವರ್ ಎಸೆದವನು ಮತ್ತೆ ಎಸೆಯುವಂತಿಲ್ಲ. ಒಂದು ಓವರ್ ಆಡಿದವನು ಔಟಾಗಲಿ ಬಿಡಲಿ, ಬ್ಯಾಟನ್ನು ಮುಂದಿನವನಿಗೆ ಕೊಡಬೇಕು. ಚೆನ್ನಯ ಎರಡು ಸಲ ಚಪ್ಪಾಳೆ ತಟ್ಟಿ "ಚೇಂಜ್!" ಎಂದು ಕೂಗಿದರೆ ಮುಗಿಯಿತು, ಅದಕ್ಕೆ ಅಪೀಲಿಲ್ಲ.

ರಜೆಯ ದಿನ ಒಮ್ಮೆ ನೋಡಲು ಹೋದ ರಾಯರು ಕೆಂಡವಾಗಿದ್ದರು. "ಔಟಾಗದವನನ್ನು ಹೊರಗೆ ಕಳಿಸುವುದು ಯಾವ ಸೀಮೆ ಕ್ರಿಕೆಟ್ಟೋ?"

"ಅವ ಒಬ್ಬನೇ ಔಟಾಗದೆ ಆಡ್ತಾ ನಿಂತ್ರೆ, ಉಳಿದವರು ಬರೀ ಫೀಲ್ಡಿಂಗ್ ಮಾಡಿ ಪಾತ್ರೆ ತೊಳಿಲಿಕ್ಕೆ ವಾಪಸು ಹೋಗ್ಬೇಕು. ಅವರು ಬಿಸಿಲಿಗೆ ಬಂದದ್ದು ಅದಕ್ಕಾ?" ಎಂದು ಚೆನ್ನಯ ಬ್ಯಾಟನ್ನು ಅವರತ್ತ ಚಾಚಿದ್ದ. "ಒಂದು ಓವರ್ ಆಡಿ ಬನ್ನಿ, ರಾಯರೇ."

"ಐದು ದಿನದ ಆಟ ಇದ್ದರೆ ಹೇಳು, ಬರ್ತೇನೆ," ಎಂದು ರಾಯರು ಕೊಡೆ ಬಿಡಿಸಿಕೊಂಡು ಮನೆಗೆ ಬಂದಿದ್ದರು. ಆಮೇಲೆ ಅವನು ವರ್ಷಕ್ಕೊಮ್ಮೆ ಕರೆಯುವುದು, ಇವರು ಅದೇ ಉತ್ತರ ಕೊಡುವುದು ಇಬ್ಬರಿಗೂ ಅಭ್ಯಾಸವಾಯಿತು.

*

ರಾಯರು ಉಸಿರು ಕಟ್ಟಿಕೊಂಡು ಮೂರು ಮಾಳಿಗೆ ಹತ್ತಿದರು. ಚೆನ್ನಯನ ಹೆಂಡತಿ ಬಾಗಿ ತಲೆಯ ಬಳಿ ಕೂತಿದ್ದಳು. ನೆರೂಳದಲ್ಲಿ ಕೆಲಸಕ್ಕಿರುವ ಮಗಳು ನಿಶ್ಮಿತಾ ಆಗಷ್ಟೇ ಬಂದು, ಹೆಗಲ ಚೀಲವನ್ನೂ ಇಳಿಸದೆ ಅಪ್ಪನ ಕಾಲು ಹಿಡಿದುಕೊಂಡಿದ್ದಳು. ಲೀಲಾಧರ ಹಾರ ಹಾಕಿ ಹೊರಟುಹೋಗಿದ್ದ.

"ಬಾಗಿಯಮ್ಮ, ನನ್ನಿಂದ ಒಂದು ತಪ್ಪಾಯಿತು. ಹನ್ನೆರಡು ಅಂತ ಹೇಳಬಾರದಿತ್ತು. ಮೂರಕ್ಕೆ ಇಡುವಾ," ಎಂದರು.

ಹಿಂದೆಯೇ ಹತ್ತಿಬಂದ ದೇವದಾಸ್ ಬಾಗಿಲಲ್ಲೇ ತಡೆದ. ಅವನು ಬಾಗಿಯ ಅಣ್ಣ, ಉಲ್ಹಾಸನಗರದಲ್ಲಿ ಬಟ್ಟೆ ಅಂಗಡಿ. "ಎಂತ ರಾಯರೇ ಇದು? ಮೂರಕ್ಕೆ ರಾಹುಕಾಲ ಹೇಳಿದವರು ನೀವೇ ಅಲ್ವಾ? ಕೆಳಗೆ ಗಾಡಿ ಬಂದು ನಿಂತಿದೆ. ಅವನಿಗೆ ಕಲ್ಯಾಣದಲ್ಲಿ ಬೇರೆ ಕೇಸ್ ಉಂಟಂತೆ, ಮೂರಕ್ಕೆ ಬರುವುದಿಲ್ಲ. ಮತ್ತೆ ಹೊರುವವರು ಯಾರು? ನೀವಾ? ಈ ಬಿಲ್ಡಿಂಗಿನಲ್ಲಿ ಹಗಲು ಇರುವುದೇ ನಾಲ್ಕು ಮುದುಕರು!"

"ಹೋಟೆಲಿನವರು ಬರ್ತಾರೆ."

"ಬರದಿದ್ರೆ? ಚಹಾದ ಹೊತ್ತಾಯ್ತು ಅಂತ ಅರ್ಧ ದಾರಿಯಲ್ಲಿ ಇಳಿಸಿ ಹೋದ್ರೆ?"

ದೇವದಾಸ್ ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ. ಬೆಳಗಿನಿಂದ ಈ ಮಾಳಿಗೆಯ ಯಾರ ಮನೆಯಲ್ಲೂ ಒಲೆ ಹೊತ್ತಿರಲಿಲ್ಲ. ಬಾಗಿ ನೀರು ಕೂಡ ಕುಡಿದಿರಲಿಲ್ಲ.

ನಿಶ್ಮಿತಾ ತಲೆಯೆತ್ತಿದಳು. ಕನ್ನಡ ಕೇಳಿದರೆ ಅರ್ಥವಾಗುತ್ತದೆ, ಬಾಯಿಗೆ ಬರುವುದು ಹಿಂದಿ. "ಮಾಮಾ, ಪಪ್ಪಾ ತೀನ್ ಬಜೇ ಸೇ ಪೆಹಲೇ ಕಭೀ ಫ್ರೀ ಹೋತೇ ಥೇ ಕ್ಯಾ?"

ಬಾಗಿ ಗಂಡನ ಮುಖದ ಮೇಲಿನ ನೊಣವನ್ನು ಸೆರಗಿನಿಂದ ಓಡಿಸಿದಳು. "ಸರಿ ಹೇಳಿತು ಹುಡುಗಿ. ಮೂರು ಗಂಟೆಗೆ ಮೊದಲು ಇವರಿಗೆ ಯಾವತ್ತು ಬಿಡುವಿತ್ತು? ಊಟದ ಹೊತ್ತಿಗೆ ಗಿರಾಕಿ ಬಿಟ್ಟು ಇವರು ಎಲ್ಲಿಗೂ ಹೊರಟದ್ದಿಲ್ಲ. ಇವಳು ಹುಟ್ಟಿದ ದಿನವೂ ಮೂರು ಗಂಟೆಗೇ ಬಂದದ್ದು ಆಸ್ಪತ್ರೆಗೆ. ಇವತ್ತು ಎಂತ ಅರ್ಜೆಂಟು? ಗಾಡಿ ವಾಪಸು ಕಳಿಸಿ, ಅಣ್ಣ."

"ರಾಹುಕಾಲ?" ಎಂದ ದೇವದಾಸ್, ರಾಯರ ಕಡೆ ತಿರುಗಿ.

"ಅವನು ಪ್ರತಿ ಮಂಗಳವಾರ ರಾಹುಕಾಲದಲ್ಲೇ ಆಡಿದವ. ರಾಹುವಿಗೆ ಅವನ ಗುರುತುಂಟು," ಎಂದರು ರಾಯರು. ಅಂದ ಮೇಲೆ ಅವರಿಗೇ ಅಳು ಬಂತು. ಅಡುಗೆಮನೆಯ ಕಡೆ ತಿರುಗಿ ಕನ್ನಡಕ ಒರೆಸಿಕೊಂಡರು.

*

ಎರಡು ಸಾವಿರದ ಏಳರ ಸೆಪ್ಟೆಂಬರಿನಲ್ಲಿ ಇಪ್ಪತ್ತು ಓವರಿನ ಮೊದಲ ವಿಶ್ವಕಪ್ಪಿನ ಫೈನಲ್ ಇತ್ತು. ಅಂದು ಸಂಜೆ ಚೆನ್ನಯ ಇಸ್ತ್ರಿ ಮಾಡಿದ ಷರಟು ತೊಟ್ಟು ರಾಯರ ಬಾಗಿಲು ತಟ್ಟಿದ. ಮದುವೆಗೂ ಅಲ್ಲ, ಸಾವಿಗೂ ಅಲ್ಲ, ಬರೀ ತನ್ನ ಖುಷಿಗೆಂದು ಅವನು ರಜೆ ಹಾಕಿದ್ದು ಅದೇ ಮೊದಲು. ಆ ಹೊತ್ತಿಗೆ ಅವನು ಹೋಟೆಲಿನ ಗಲ್ಲೆಯ ಮೇಲೆ ಕೂರುವ ಮ್ಯಾನೇಜರ್ ಆಗಿದ್ದ.

"ಹೋಟೆಲಿನಲ್ಲಿ ಕೂತ್ರೆ ಎದ್ದು ಟೇಬಲ್ ಒರೆಸುವಾ ಅಂತ ಕಾಣ್ತದೆ. ನಿಮ್ಮಲ್ಲಿ ಕೂರ್ತೇನೆ," ಎಂದ.

ರಾಯರ ಹೆಂಡತಿ ಶ್ರೀಮತಿ ಅವನಿಗೆ ಕಾಫಿ ತಂದುಕೊಟ್ಟರು. ಯಾರೋ ತನಗೆ ತಂದುಕೊಡುವುದು ಅಭ್ಯಾಸವಿಲ್ಲದ ಚೆನ್ನಯ ಎದ್ದು ನಿಂತು ಲೋಟ ತೆಗೆದುಕೊಂಡ. ಮೊದಲ ಚೆಂಡು ಬೀಳುವ ಮೊದಲೇ ಕುರ್ಚಿಯ ತುದಿಗೆ ಬಂದವನು ಮತ್ತೆ ಹಿಂದಕ್ಕೆ ಒರಗಲಿಲ್ಲ. ರಾಯರು ಟೀಕೆ ಮಾಡುತ್ತಲೇ ಇದ್ದರು: ಇದು ಹೊಡೆತ ಅಲ್ಲ, ಬಡಿತ, ಇದು ಫೀಲ್ಡಿಂಗ್ ಅಲ್ಲ, ಸರ್ಕಸ್ಸು. ಚೆನ್ನಯನಿಗೆ ಅದು ಕೇಳಿಸಲೇ ಇಲ್ಲ. ಕೊನೆಯ ಓವರಿನಲ್ಲಿ ಚೆಂಡು ಮೇಲೆ ಹೋಗಿ ಕ್ಯಾಚ್ ಆಗಿ, ಇಡೀ ಡೊಂಬಿವಲಿ ಪಟಾಕಿ ಹೊಡೆಯತೊಡಗಿದಾಗ ಕುಣಿದದ್ದು ಟೆಸ್ಟಿನ ಭಕ್ತರಾದ ರಾಯರು. ಚೆನ್ನಯ ಕುಣಿಯಲಿಲ್ಲ. ಎರಡೂ ಕೈ ಮೊಣಕಾಲ ಮೇಲಿಟ್ಟು ಕೂತಿದ್ದ.

"ಎಂತ ಮಾರಾಯ, ನಾವು ಗೆದ್ದದ್ದು!"

"ಹೌದು ರಾಯರೇ. ಅದಲ್ಲ. ನಾನು ಇವತ್ತು ಒಂದು ಆಟ ಪೂರ್ತಿ ನೋಡಿದೆ," ಎಂದ. "ಸುರುವಿನಿಂದ ಕೊನೇ ತನಕ. ಸಣ್ಣವನಾಗಿ ಬೊಂಬಾಯಿಗೆ ಬಂದ ಮೇಲೆ ಇದೇ ಮೊದಲು."

ರಾಯರು ಆ ಮಾತಿಗೆ ತಲೆದೂಗಿದ್ದರು, ಅಷ್ಟೆ. ಮರುದಿನದಿಂದ ಮತ್ತೆ ವಾದಕ್ಕೆ ಇಳಿದಿದ್ದರು.

*

ಮೂರು ಹೊಡೆದಾಗ ಬೀದಿಯಲ್ಲಿ ನರಪಿಳ್ಳೆ ಇರಲಿಲ್ಲ. ಚಟ್ಟ ಕೆಳಗೆ ಸಿದ್ಧವಾಗಿತ್ತು. ಎತ್ತುವುದು ಮೂರಕ್ಕೆ ಎಂದು ರಾಯರು ಹೋಟೆಲಿಗೆ ಫೋನ್ ಮಾಡಿ ಹೇಳಿಯೂ ಆಗಿತ್ತು. ದೇವದಾಸ್ ಗೇಟಿಗೆ ಬೆನ್ನು ಕೊಟ್ಟು ನಿಂತಿದ್ದ. ಅವನು ಏನಾದರೂ ಅಂದಿದ್ದರೆ ರಾಯರಿಗೆ ಹಗುರಾಗುತ್ತಿತ್ತು. ಗಾಡಿಯನ್ನೂ ಕಳಿಸಿದೆ, ಪಂಚಾಂಗವನ್ನೂ ಬಿಟ್ಟೆ, ಈಗ ಯಾರೂ ಬರದೇ ಹೋದರೆ ಬಾಗಿಯ ಮುಖ ನೋಡುವುದು ಹೇಗೆ ಎಂದು ಅವರು ಮತ್ತೆ ಮತ್ತೆ ಗೇಟಿನಾಚೆ ಇಣುಕಿದರು.

ಮೊದಲು ಕಂಡದ್ದು ಲೀಲಾಧರನ ಏಪ್ರನ್. ಅವನ ಹಿಂದೆ ನೀಲಿ ಷರಟಿನವರು, ಕಂದು ಷರಟಿನವರು, ಬನಿಯನ್ನಿನ ಮೇಲೆ ಟವೆಲ್ ಹೊದ್ದವರು. ಸಪ್ಲಾಯರುಗಳು, ಅಡುಗೆಯವರು, ಪಾತ್ರೆ ತೊಳೆಯುವವರು, ಗಲ್ಲೆಯವರು, ಒಟ್ಟಿಗೆ ಓಡುತ್ತಲೇ ಬಂದರು. ಕೆಲವರ ಕೈ ಇನ್ನೂ ಒದ್ದೆಯಿತ್ತು. ಅಂಗಳದ ತುಂಬ ಸಾಂಬಾರಿನ ವಾಸನೆ ಹಬ್ಬಿತು. ನಾಲ್ಕು ಹೋಟೆಲಿನವರು ಎಂದುಕೊಂಡಿದ್ದರೆ, ರಾಯರು ಹೆಸರೂ ಕೇಳದ ಹೋಟೆಲುಗಳಿಂದ ಜನ ಬಂದಿದ್ದರು. ಒಬ್ಬ ಮುದುಕ ಕಾಮೋಠೆಯಿಂದ ಬಸ್ಸಿನಲ್ಲಿ ಬಂದಿದ್ದ. ಹಿಂದೊಮ್ಮೆ ಇಲ್ಲಿ ಪಾತ್ರೆ ತೊಳೆಯುತ್ತಿದ್ದಾಗ ಚೆನ್ನಯಣ್ಣ ತನ್ನ ಕೈಗೆ ಬ್ಯಾಟು ಕೊಟ್ಟಿದ್ದರೆಂದು ಕಂಡಕಂಡವರಿಗೆ ಹೇಳುತ್ತಿದ್ದ.

ಚೆನ್ನಯನನ್ನು ಕೆಳಗಿಳಿಸಿ ಚಟ್ಟದ ಮೇಲೆ ಮಲಗಿಸಿದರು. ಬೆಂಕಿಯ ಮಡಕೆ ಹಿಡಿದು ನಿಶ್ಮಿತಾ ಮುಂದೆ ನಡೆದಳು. ಚಟ್ಟ ಎದ್ದಿತು. ಹೊರಲು ಎಲ್ಲರಿಗೂ ಆತುರ, ಇದ್ದದ್ದು ನಾಲ್ಕೇ ಮೂಲೆ, ಸಂಜೆಯ ಚಹಾಕ್ಕೆ ಒಲೆ ಹಚ್ಚುವ ಮೊದಲು ಎಲ್ಲರೂ ಹಿಂದಿರುಗಬೇಕು. ಬೀದಿಯ ತಿರುವಿನ ತನಕ ಹೋಗುವಷ್ಟರಲ್ಲಿ ಲೀಲಾಧರ ಎರಡು ಸಲ ಚಪ್ಪಾಳೆ ತಟ್ಟಿದ.

"ಚೇಂಜ್!"

ಹೊತ್ತವರು ಅಪೀಲಿಲ್ಲದೆ ಹೆಗಲು ಬಿಟ್ಟುಕೊಟ್ಟರು. ಹೊಸ ನಾಲ್ವರು ಒಳಗೆ ನುಗ್ಗಿದರು. ಬಿದಿರು ಸ್ವಲ್ಪವೂ ಅಲುಗಲಿಲ್ಲ. ಬಿಟ್ಟವರು ಸಾಲಿನ ಕೊನೆಗೆ ಹೋಗಿ ನಿಂತರು. ಮತ್ತೆ ಚಪ್ಪಾಳೆ, ಮತ್ತೆ ನಾಲ್ವರು. ಗಲ್ಲೆಯವನ ಬದಿಯಲ್ಲಿ ಪಾತ್ರೆಯವನು, ಅಡುಗೆಯವನ ಹಿಂದೆ ಮಾಲಕನ ಅಳಿಯ. ದೇವದಾಸ್ ಕೂಡ ಯಾವಾಗಲೋ ಬಂದು ಹೆಗಲು ಕೊಟ್ಟು, ಚಪ್ಪಾಳೆಗೆ ಬಿಟ್ಟು, ಬೆವರೊರೆಸಿಕೊಳ್ಳುತ್ತ ಸಾಲಿಗೆ ಸೇರಿಕೊಂಡ. ಎಂತಹ ಆಟ ಕಲಿಸಿದ್ದೀಯೋ ಮಾರಾಯ ಎಂದುಕೊಂಡರು ರಾಯರು. ಐದು ದಿನದ ಟೆಸ್ಟುಗಳನ್ನು ಬೇಕಾದಷ್ಟು ನೋಡಿದ್ದ ಅವರಿಗೆ ಇಷ್ಟು ಚೆಂದದ ಆಟ ಕಂಡ ನೆನಪಾಗಲಿಲ್ಲ.

ಮೈದಾನ ಬಂತು. ಯಾರೂ ಹೇಳದೆ ಎಲ್ಲರ ಹೆಜ್ಜೆಗಳೂ ಅಲ್ಲಿ ನಿಧಾನವಾದವು. ಬಿಸಿಲಿನಲ್ಲಿ ಹಾಲಿನ ಕ್ರೇಟು ಕಳೆದ ವಾರ ಇಟ್ಟಲ್ಲಿಯೇ ಇತ್ತು. ರಾಯರು ಸಾಲಿನ ಹಿಂದೆ, ಮಂಡಿ ನೋವಿಗೆ ಕುಂಟುತ್ತ ಬರುತ್ತಿದ್ದರು. ಚಪ್ಪಾಳೆ ಕೇಳಿತು.

"ಬರ್ರೀ ರಾಯರ, ನಿಮ್ಮ ಪಾಳಿ ಐತ್ರಿ," ಎಂದು ಮಹಾದೇವಪ್ಪ ತೋಳು ಹಿಡಿದ.

"ನನಗಾಗುತ್ತದೋ ಇಲ್ಲವೋ..."

"ಒಂದ ಓವರ್ ಅಷ್ಟೇ ರೀ. ನಾ ಬಾಜೂಕ ಇರ್ತೀನಿ."

ರಾಯರು ಹೆಗಲು ಕೊಟ್ಟರು. ಚೆನ್ನಯ ಅವರು ಎಣಿಸಿದ್ದಕ್ಕಿಂತ ಹಗುರವಾಗಿದ್ದ. ಬಿದಿರು ಕತ್ತಿಗೆ ಒತ್ತುತ್ತಿತ್ತು, ಆದರೂ ಅವರ ಹೆಜ್ಜೆ ಉಳಿದ ಮೂವರ ಹೆಜ್ಜೆಗೆ ಕೂಡಿಕೊಂಡಿತು. ಮೈದಾನ ಹಿಂದೆ ಸರಿಯಿತು. ಇನ್ನೂ ಸ್ವಲ್ಪ ದೂರ ಹೊರಬಲ್ಲೆ ಎಂದು ಅವರಿಗೆ ಅನ್ನಿಸುವಾಗಲೇ ಲೀಲಾಧರನ ಚಪ್ಪಾಳೆ ಬಿತ್ತು.

"ಚೇಂಜ್!"

ರಾಯರ ಕೈ ಬಿದಿರನ್ನು ಬಿಡಲಿಲ್ಲ. ಪಕ್ಕದಲ್ಲಿ ಕಾಮೋಠೆಯಿಂದ ಬಂದ ಮುದುಕ ಹೆಗಲೊಡ್ಡಿ ಕಾಯುತ್ತಿದ್ದ. ರಾಯರು ಅವನ ಮುಖ ನೋಡಿದರು, ಬಿದಿರನ್ನು ಮೆಲ್ಲನೆ ಅವನ ಹೆಗಲಿಗೆ ದಾಟಿಸಿದರು. ಆಮೇಲೆ ಎಲ್ಲರ ಹಾಗೆ ಸಾಲಿನ ಕೊನೆಗೆ ಹೋಗಿ ನಿಂತು, ಮತ್ತೊಮ್ಮೆ ಪಾಳಿ ಬರುವಷ್ಟು ದಾರಿ ಉಳಿದಿದೆಯೇ ಎಂದು ಕತ್ತು ನೀಡಿ ಮುಂದೆ ನೋಡಿದರು.