ಬೀಸುವ ಕಲ್ಲಿನ ಗೂಟ ಬಿಡದ ಮುದ್ದಮ್ಮ

ನನ್ನ ಎರಡು ಕಣ್ಣಾಣೆ, ಇದರಲ್ಲಿ ಒಂದು ಕಾಳಿನಷ್ಟೂ ಸುಳ್ಳಿಲ್ಲ. ಸುಳ್ಳಾದರೆ ನಾಳೆ ನನ್ನ ತಟ್ಟೆಯ ಮುದ್ದೆ ಗಂಟುಗಂಟಾಗಲಿ.

ಇಸವಿ ಎಪ್ಪತ್ತೈದರ ಆಸುಪಾಸು. ಮದ್ದೂರಿನಾಚೆಯ ಒಂದು ಹಳ್ಳಿಯಲ್ಲಿ ಪುಟ್ಟಮಾದಯ್ಯ ಗದ್ದೆಯಿಂದ ಬಂದು ಎತ್ತು ಕಟ್ಟುತ್ತಿದ್ದ. ಒಳಗೆ ಹೆಂಡತಿ ಮುದ್ದಮ್ಮ ಬೀಸುವ ಕಲ್ಲು ತೊಳೆಯುತ್ತಿದ್ದಳು. ಊರಿಗೆ ಕರೆಂಟಿನ ಮಿಲ್ಲು ಬಂದ ಮೇಲೆ ಅದು ಮೂಲೆ ಸೇರಿತ್ತು. ಮೈಸೂರಿನಲ್ಲಿ ಎಂ.ಎ. ಓದುತ್ತಿದ್ದ ಮಗ ಸಿದ್ದರಾಮು ಟೇಪ್ ರೆಕಾರ್ಡರ್ ಇಟ್ಟುಕೊಂಡು ಪಕ್ಕದಲ್ಲಿ ಕೂತಿದ್ದ. ಏನಿದು ಎಂದು ಅಪ್ಪ ಕೇಳಿದ್ದಕ್ಕೆ, ತಾನು ಓದುತ್ತಿರುವುದು ಜಾನಪದ, ಅವ್ವನ ರಾಗಿ ಬೀಸುವ ಪದ ಹಿಡಿದುಕೊಂಡು ಹೋದರೇನೇ ಪಾಸು ಎಂದ.

ಮಗ ಅಮಲ್ದಾರನಾಗುತ್ತಾನೆ ಎಂದು ಸಂತೆಯಲ್ಲೆಲ್ಲ ಹೇಳಿಕೊಂಡು ಬಂದಿದ್ದ ಪುಟ್ಟಮಾದಯ್ಯನಿಗೆ ಮೈ ಉರಿದುಹೋಯಿತು.

“ಎಂಗಸ್ರ ಪದ ಕಲಿಯಕ್ಕೆ ಮೈಸೂರ್ಗೆ ಓಗಿದ್ದೇನ್ಲಾ?” ಎಂದು ಬಾರುಕೋಲು ಬೀಸಿದ. ಮಗನ ಬೆನ್ನು ಬಿರಿಯಿತು. ಅಡ್ಡ ಬಂದ ಮುದ್ದಮ್ಮನ ಹಣೆ ಒಡೆದು ಸೆರಗೆಲ್ಲ ರಕ್ತ. ಬಿದ್ದವಳ ಸೊಂಟಕ್ಕೂ ಒದ್ದ. ಆ ಏಟಿನ ಸದ್ದಿಗೆ ಶಿಂಷಾ ಹೊಳೆಯ ಮೀನೆಲ್ಲ ತಳ ಸೇರಿದವು.

ಮುದ್ದಮ್ಮ ತೆವಳಿಕೊಂಡು ಹೋಗಿ ಕಲ್ಲಿನ ಮುಂದೆ ಕೂತಳು. ಒಂದು ಹಿಡಿ ರಾಗಿ ಹಾಕಿ ಗೂಟ ಹಿಡಿದಳು.

ಮತ್ತೆ ಎತ್ತಿದ ಗಂಡನ ಕೈ ಅಲ್ಲೇ ನಿಂತಿತು. ಕಲ್ಲಿನಲ್ಲಿ ಕಾಳಿರುವಾಗ ಬೀಸುವವಳ ಮೇಲೆ ಕೈ ಮಾಡಬಾರದು, ಅವಳ ಪದಕ್ಕೆ ಎದುರಾಡಬಾರದು. ಅದು ಆ ಊರಿನ ಕಟ್ಟು. ಒಂದು ಹಿಡಿ ತಾನೆ, ಮುಗಿಯಲಿ ಎಂದು ಅವನು ಕೋಲು ಎತ್ತಿಕೊಂಡೇ ಕಾದ.

ಮುದ್ದಮ್ಮ ಹಾಡಿದಳು, ಸಿದ್ದರಾಮು ರೆಕಾರ್ಡರ್ ಹಾಕಿದ. ಹಿಂದೆ ಅವನು ಮುರಿದ ಹಲ್ಲಿನ ಮೇಲೊಂದು ಪದ, ಸುಟ್ಟ ಅಂಗೈ ಮೇಲೊಂದು. ರಾಗಿ ಮುಗಿಯುವಷ್ಟರಲ್ಲಿ ಪಕ್ಕದ ಮನೆಯ ಮರಿತಾಯಮ್ಮ ಒಂದು ಮೊರ ರಾಗಿ ತಂದು ಪಕ್ಕಕ್ಕಿಟ್ಟಳು. ಅವಳ ಹಿಂದೆ ಇನ್ನೊಬ್ಬಳು, ಅವಳ ಹಿಂದೆ ಮತ್ತೊಬ್ಬಳು. ಹೆಂಗಸರ ಸಾಲು ಮದ್ದೂರು ರಸ್ತೆ ಮುಟ್ಟಿತು. ಹಿಟ್ಟು ಸೂರಿನವರೆಗೆ ಏರಿತು. ಗಾಳಿಗೆ ಹಾರಿ ಕೊಕ್ಕರೆ ಬೆಳ್ಳೂರಿನ ಕೊಕ್ಕರೆಗಳೆಲ್ಲ ಬೂದಿಬಣ್ಣವಾದವು. ಮಿಲ್ಲಿನವನು ಬೀಗ ಹಾಕಿಕೊಂಡು ನೋಡಲು ಬಂದ.

ಆಗ ಬಂತು ಆ ಪದ:

“ಒದ್ದಂತ ಕಾಲೀಗೆ ಗೊತ್ತಿಲ್ಲ ಕಲ್ಲವ್ವ
ಒಡಲಾಗೆ ಇದ್ದದ್ದು ಎಣ್ಣುಕೂಸು, ಊರೀಗೆ
ಜಾರಿ ಬಿದ್ದಳು ಅಂತ ಏಳವ್ನೆ.”

ಸಿದ್ದರಾಮು ರೆಕಾರ್ಡರ್ ಆರಿಸಿಬಿಟ್ಟ. ತಾನು ಹುಟ್ಟುವ ಮೊದಲು ತನಗೊಬ್ಬಳು ಅಕ್ಕ ಬರಬೇಕಿತ್ತೆಂದು ಅವನಿಗೆ ಗೊತ್ತೇ ಇರಲಿಲ್ಲ.

“ಆಕ್ಲಾ ಅದ್ನ,” ಎಂದಳು ಅವ್ವ, ಕಲ್ಲು ನಿಲ್ಲಿಸದೆ. “ನಿಮ್ಮ ಮೇಷ್ಟ್ರುಗೋಳೂ ಕೇಳ್ಲಿ.”

ಅದು ಹೆಣ್ಣೆಂದು ಪುಟ್ಟಮಾದಯ್ಯನಿಗೂ ಯಾರೂ ಹೇಳಿರಲಿಲ್ಲ, ಅವನೂ ಕೇಳಿರಲಿಲ್ಲ. ಕೋಲು ಕೆಳಗಿಟ್ಟು ಎದುರಿಗೆ ಕೂತು ಗೂಟಕ್ಕೆ ಕೈ ಹಾಕಿದ.

“ತಗಿ ಕೈಯ,” ಎಂದಳು ಮುದ್ದಮ್ಮ. “ರಾಗಿ ಆಕು. ಮುಗಿಯಕ್ಕೆ ಬುಡಬ್ಯಾಡ.”

ಅವನು ಹಿಡಿ ಹಿಡಿಯಾಗಿ ಹಾಕತೊಡಗಿದ. ಅವಳ ಹಣೆಯ ರಕ್ತ ಒಣಗುವವರೆಗೂ ಹಾಕಿದ. ಆಮೇಲೂ ಹಾಕಿದ.

ನಂಬಿಕೆ ಬರಲಿಲ್ಲವೇ? ಹಾಗಾದರೆ ಮನೆಗೆ ಹೋಗಿ ನಿಮ್ಮ ಹೆಂಗಸರಿಂದ ಒಂದು ಬೀಸುವ ಪದ ಹೇಳಿಸಿ, ನಡುವೆ ಎದ್ದು ಹೋಗದೆ ಪೂರ್ತಿ ಕೇಳಿ. ಆಮೇಲೂ ನನ್ನದು ಸುಳ್ಳು ಅನ್ನಿಸಿದರೆ ಬನ್ನಿ, ಎಲೆ ಅಡಿಕೆ ನಾನು ಕೊಡುತ್ತೇನೆ. ಅನ್ನಿಸದಿದ್ದರೆ ನೀವೇ ತನ್ನಿ, ಹೊಗೆಸೊಪ್ಪು ಮರೆಯಬೇಡಿ.